ಮತ್ತೆ ಗುರಿಗೆ ಮರಳುವವರ ಕೈಯಲ್ಲಿ 10 ಮೀಟರ್ ಪಿಸಿಪಿ ಮ್ಯಾಚ್ ರೈಫಲ್: ದೀರ್ಘ ಬಳಕೆಯ ನಂತರದ ವಿಮರ್ಶೆ

ರೈಫಲ್ ನಿಖರವೋ ಅಲ್ಲವೋ ಎನ್ನುವ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವ ರೈಫಲ್. ಅಲ್ಯೂಮಿನಿಯಂ ಸ್ಟಾಕ್ (ಹಿಡಿಯುವ ಚೌಕಟ್ಟು), ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಇರಿಸುವ ಭಾಗ), ಡಯಾಪ್ಟರ್ ಸೈಟ್ (ಸಣ್ಣ ತೂತಿನ ಹಿಂದಿನ ಸೈಟ್) ಇರುವ 4.5 ಮಿ.ಮೀ. ಮ್ಯಾಚ್ ರೈಫಲನ್ನು ವೈಸ್‌ಗೆ ಬಿಗಿದು, ಅದಕ್ಕೆ ಒಗ್ಗುವ ಐದು ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕಿ ಹೊಡೆದರೆ ಐದೂ ಒಂದೇ ತೂತಿನಲ್ಲಿ ಹೋಗುತ್ತವೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಆ ತೂತು 5ರಿಂದ 5.5 ಮಿ.ಮೀ., ಪೆಲೆಟ್ಟಿನ ವ್ಯಾಸವೇ 4.5. ಗುರಿಹಾಳೆಯ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಇದ್ದರೂ ಪೆಲೆಟ್ಟಿನ ಅಂಚು ತಾಗಿದರೆ ಸಾಕು, ಹತ್ತು ಸಿಗುತ್ತದೆ. ಅಂದರೆ ನಟ್ಟನಡುವಿನಿಂದ 2.5 ಮಿ.ಮೀ. ಆಚೀಚೆಯಾದರೂ ನಡೆಯುತ್ತದೆ. ಅಷ್ಟು ಅವಕಾಶದಲ್ಲಿ ರೈಫಲ್ ತಿನ್ನುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಏಳು, ಎಂಟು ಬೀಳುತ್ತಿದ್ದರೆ ಇನ್ನೂ ದುಬಾರಿ ರೈಫಲ್ ಹುಡುಕುವುದು ದುಡ್ಡು ದಂಡ. ಹಾಗಾಗಿ ಈ ವಿಮರ್ಶೆ ನಳಿಕೆಯ ಬಗ್ಗೆ ಅಲ್ಲ, ಅದರ ಸುತ್ತ ಇರುವ ತಿರುಪುಗಳ ಬಗ್ಗೆ.

ವರ್ಷಗಟ್ಟಲೆ ಬಿಟ್ಟು ಮರಳಿದವರ ಕಣ್ಣು ಬದಲಾಗಿರುತ್ತದೆ, ಸೊಂಟ ಬದಲಾಗಿರುತ್ತದೆ, ಕುತ್ತಿಗೆ ಮೊದಲಿನಷ್ಟು ಬಾಗುವುದಿಲ್ಲ. ಹಳೆಯ ಮರದ ಸ್ಟಾಕಿಗೆ ಮೈಯನ್ನೇ ಒಗ್ಗಿಸಿಕೊಳ್ಳಬೇಕಿತ್ತು. ಇಲ್ಲಿ ಬಟ್ ಪ್ಲೇಟ್ (ಹೆಗಲಿಗೆ ಆನುವ ಹಿಂತುದಿ), ಚೀಕ್ ಪೀಸ್ (ಕೆನ್ನೆ ಇಡುವ ಜಾಗ), ಹಿಡಿ, ಕೈಯಾಸರೆ, ಸೈಟಿನ ಎತ್ತರ ಎಲ್ಲವೂ ಸರಿಯುತ್ತವೆ. ಇದರ ದೊಡ್ಡ ಗುಣವೂ ಇದೇ, ದೊಡ್ಡ ಬಲೆಯೂ ಇದೇ. ಕೆಟ್ಟ ಗ್ರೂಪ್ (ಒಟ್ಟಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು) ಬಿದ್ದಾಗಲೆಲ್ಲ ಅಲೆನ್ ಕೀ ಹಿಡಿಯುವ ಚಟ ಹತ್ತಿದರೆ ಯಾವ ಬದಲಾವಣೆಯಿಂದ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ. ಒಂದು ಸಲಕ್ಕೆ ಒಂದೇ ತಿರುಪು ಮುಟ್ಟಿ, ಮುಟ್ಟುವ ಮೊದಲು ಅದರ ಅಳತೆ ಬರೆದಿಡಿ.

ಹೊಂದಿಸುವ ಕ್ರಮ ಮುಖ್ಯ. ಮೊದಲು ಬಟ್ ಪ್ಲೇಟಿನ ಎತ್ತರ: ರೈಫಲ್ ಎತ್ತಿದಾಗ ತಲೆ ಬಗ್ಗಬಾರದು, ಸೈಟೇ ಕಣ್ಣಿನ ಮಟ್ಟಕ್ಕೆ ಬರಬೇಕು. ಆಮೇಲೆ ಉದ್ದ, ಕೊನೆಗೆ ಚೀಕ್ ಪೀಸ್. ಕಣ್ಣು ಮುಚ್ಚಿ ಕೆನ್ನೆಯನ್ನು ಪೂರ್ತಿ ಭಾರ ಬಿಟ್ಟು ಇಟ್ಟು, ಕಣ್ಣು ತೆರೆದಾಗ ಡಯಾಪ್ಟರಿನ ತೂತಿನ ನಡುವೆಯೇ ಮುಂದಿನ ಸೈಟ್ ಕಾಣಬೇಕು. ಕತ್ತು ತುಸು ಎತ್ತಿದರೆ ಮಾತ್ರ ಸರಿ ಕಾಣುತ್ತದೆ ಎಂದಾದರೆ ಚೀಕ್ ಪೀಸನ್ನು ಒಂದು ಗೀರು ಮೇಲಕ್ಕೆ ಏರಿಸಿ. ನಿಯಮದಲ್ಲಿ 5.5 ಕೆ.ಜಿ. ತನಕ ಅವಕಾಶ ಇದೆಯೆಂದು ಮೊದಲ ದಿನವೇ ತೂಕದ ಬಿಲ್ಲೆಗಳನ್ನೆಲ್ಲ ಪೋಣಿಸಬೇಡಿ. 4.5 ಕೆ.ಜಿ. ಆಸುಪಾಸಿನಲ್ಲಿ ಶುರುಮಾಡಿ. ಎಡ ಮೊಣಕೈ ಸೊಂಟದ ಎಲುಬಿನ ಮೇಲೆ ಕೂತು, ತೋಳಿನ ಸ್ನಾಯು ಕೆಲಸವಿಲ್ಲದೆ ಸುಮ್ಮನಿರುವುದಕ್ಕೆ ಮೊದಲೇ (ಬಲಗೈ ಶೂಟರ್‌ಗಳ ಲೆಕ್ಕ ಇದು) ತೂಕ ಸೇರಿಸಿದರೆ ನಡುಕ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ಸೈಟ್. ಹೆಚ್ಚು ಅಂಕ ಸೋರುವುದು ಇಲ್ಲೇ. ಗುರಿಹಾಳೆಯ ಕಪ್ಪು ವೃತ್ತದ ಅಗಲ 30.5 ಮಿ.ಮೀ. ಕಣ್ಣಿನಿಂದ ಮುಂದಿನ ಸೈಟಿಗೆ 85 ಸೆಂ.ಮೀ. ಇದ್ದರೆ ಆ ಜಾಗದಲ್ಲಿ ಕಪ್ಪು ಸುಮಾರು 2.6 ಮಿ.ಮೀ. ಆಗಿ ಕಾಣುತ್ತದೆ. ಮುಂದಿನ ಸೈಟಿನೊಳಗೆ 3.2 ಮಿ.ಮೀ. ತೂತಿನ ರಿಂಗ್ ಹಾಕಿದರೆ ಸುತ್ತ ಉಳಿಯುವ ಬಿಳಿ 0.3 ಮಿ.ಮೀ. ಮಾತ್ರ. ಪುಟ್ಟ ರಿಂಗ್ ಹೆಚ್ಚು ನಿಖರ ಅನ್ನಿಸುತ್ತದೆ, ಆದರೆ ನಡುಗುವ ಕೈಗೆ ಆ ಬಿಳಿ ಒಂದು ಕಡೆ ಮಾಯವಾಗುತ್ತಲೇ ಇರುತ್ತದೆ, ಮನಸ್ಸು ಗಾಬರಿಬಿದ್ದು ಟ್ರಿಗರ್ ಕಿತ್ತುಬಿಡುತ್ತದೆ. 4.0 ಅಥವಾ 4.2ರ ರಿಂಗ್ ಹಾಕಿ ನೋಡಿ. ಬಿಳಿ ಉಂಗುರ ದಪ್ಪಗೆ ಉಳಿಯುತ್ತದೆ, ನಡು ಹುಡುಕುವ ಕೆಲಸವನ್ನು ಕಣ್ಣು ತಾನಾಗಿ ಮಾಡಿಕೊಳ್ಳುತ್ತದೆ. ಇಡೀ ರೈಫಲಿನಲ್ಲಿ ಇಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ನಲವತ್ತೈದು ದಾಟಿದವರಿಗೆ ಮುಂದಿನ ಸೈಟ್ ಮಸುಕಾಗುವುದು ಸಹಜ. ಓದುವ ಕನ್ನಡಕ ಹಾಕಿದರೆ ರಿಂಗ್ ಚೂಪಾಗಿ, ಕಪ್ಪು ಕದಡಿಹೋಗುತ್ತದೆ. ಪ್ರೊಗ್ರೆಸಿವ್ ಕನ್ನಡಕವಂತೂ ಬೇಡವೇ ಬೇಡ, ತಲೆ ತುಸು ವಾಲಿದರೂ ಪವರ್ ಬದಲಾಗುತ್ತದೆ. ನಿಮ್ಮ ದೂರದ ಪವರಿಗೆ +0.5 ಸೇರಿಸಿದ ಸಾದಾ ಲೆನ್ಸ್ ಸಾಕು. ಅದು ಕಣ್ಣಿನ ಫೋಕಸನ್ನು ರಿಂಗಿಗೂ ಕಪ್ಪಿಗೂ ನಡುವೆ ತಂದು ನಿಲ್ಲಿಸುತ್ತದೆ, ಉಳಿದದ್ದನ್ನು ಡಯಾಪ್ಟರಿನ 1.0–1.2 ಮಿ.ಮೀ. ತೂತು ನೋಡಿಕೊಳ್ಳುತ್ತದೆ.

ಡಯಾಪ್ಟರಿನ ಒಂದು ಕ್ಲಿಕ್ಕಿಗೆ ಗುರಿಯಲ್ಲಿ ಹೆಚ್ಚುಕಡಿಮೆ 0.2ರಿಂದ 0.3 ಮಿ.ಮೀ. ಗುರಿಹಾಳೆಯ ಒಂದು ಅಂಕದ ಗೆರೆಯಿಂದ ಇನ್ನೊಂದಕ್ಕೆ 2.5 ಮಿ.ಮೀ., ಆದ್ದರಿಂದ ಹತ್ತು ಕ್ಲಿಕ್ಕಿನ ಲೆಕ್ಕ ಇಟ್ಟುಕೊಳ್ಳಬಹುದು. ಕೆಲವು ಜರ್ಮನ್ ಸೈಟ್‌ಗಳಲ್ಲಿ ಗುಬುಟಿನ ಮೇಲಿನ ಅಕ್ಷರ ಗುಂಡು ಬಿದ್ದ ದಿಕ್ಕನ್ನು ಹೇಳುತ್ತದೆ, ಸರಿಸಬೇಕಾದ ದಿಕ್ಕನ್ನಲ್ಲ. ಮೇಲೆ ಬಿದ್ದಿದ್ದರೆ ‘ಮೇಲೆ’ ಎಂದಿರುವ ಕಡೆಗೇ ತಿರುಗಿಸಬೇಕು. ಐದು ಕ್ಲಿಕ್ ತಿರುಗಿಸಿ ಒಂದು ಗ್ರೂಪ್ ಹೊಡೆದು ಖಚಿತ ಮಾಡಿಕೊಳ್ಳಿ. ಹಳೆಯ ಸೈಟಿನ ತಿರುಪು ಸಡಿಲವಿದ್ದರೆ ಬೇಕಾದ ಜಾಗವನ್ನು ದಾಟಿಹೋಗಿ, ಯಾವಾಗಲೂ ಒಂದೇ ಕಡೆಯಿಂದ ಹಿಂದಕ್ಕೆ ಬನ್ನಿ.

ರೈಫಲ್ ವಾಲುವುದನ್ನು ಬಹಳ ಜನ ಲೆಕ್ಕಕ್ಕೇ ಇಡುವುದಿಲ್ಲ. 170 ಮೀಟರ್/ಸೆಕೆಂಡ್ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿದಿರುತ್ತದೆ. ರೈಫಲ್ 5 ಡಿಗ್ರಿ ವಾಲಿದರೆ, ಸೈಟಿನಲ್ಲಿ ಎಲ್ಲ ಸರಿಯಾಗೇ ಕಂಡರೂ, ಗುಂಡು ವಾಲಿದ ಕಡೆಗೆ 1.5 ಮಿ.ಮೀ. ಸರಿಯುತ್ತದೆ. ದಶಮಾಂಶದ ಎಣಿಕೆಯಲ್ಲಿ ಅದು 0.6 ಅಂಕ. ವಾಲಿಸಿ ಹಿಡಿಯುವುದು ತಪ್ಪಲ್ಲ, ಪ್ರತಿ ಸಲ ಬೇರೆ ಬೇರೆ ವಾಲುವುದು ತಪ್ಪು. ರಿಂಗಿನ ಇಕ್ಕೆಲಗಳಲ್ಲಿ ಅಡ್ಡ ಗೆರೆ ಇರುವ ಇನ್ಸರ್ಟ್ (ಮುಂದಿನ ಸೈಟಿನೊಳಗೆ ಹಾಕುವ ಬಿಲ್ಲೆ) ಇದನ್ನು ತಕ್ಷಣ ತೋರಿಸಿಕೊಡುತ್ತದೆ.

ಟ್ರಿಗರ್ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. 50 ಗ್ರಾಂಗೆ ಇಳಿಸಬಹುದು ಎಂದು ಇಳಿಸುವುದಷ್ಟೇ ಕೆಟ್ಟ ಕೆಲಸ. ಒಟ್ಟು 100 ಗ್ರಾಂ, ಅದರಲ್ಲಿ 60–70 ಮೊದಲ ಹಂತಕ್ಕೆ (ಗುಂಡು ಹಾರುವ ಮುಂಚಿನ ಸಲೀಸು ಎಳೆತ): ಬೆರಳು ಗೋಡೆಗೆ ತಾಗಿ ನಿಲ್ಲುವುದು ಸ್ಪಷ್ಟವಾಗಿ ತಿಳಿಯಬೇಕು. ಡ್ರೈ ಫೈರ್ (ಪೆಲೆಟ್, ಗಾಳಿ ಇಲ್ಲದೆ ಟ್ರಿಗರ್ ಅಭ್ಯಾಸ) ಸ್ವಿಚ್ ಈ ರೈಫಲಿನ ಅತ್ಯುತ್ತಮ ಭಾಗ. ನಳಿಕೆ ಖಾಲಿ ಇದೆಯೆಂದು ನೋಡಿಕೊಂಡು, ಕಪ್ಪಿಲ್ಲದ ಬಿಳಿ ಹಾಳೆಯ ಮೇಲೆ ಇಪ್ಪತ್ತು ನಿಮಿಷ ಹೊಡೆಯಿರಿ. ನೋಡಲು ಕಪ್ಪು ಇಲ್ಲದಾಗ ಟ್ರಿಗರ್ ಎಳೆತದಲ್ಲಿ ರಿಂಗ್ ಎತ್ತ ಹಾರುತ್ತದೆ ಎನ್ನುವುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಗುರಿಗೆ ಇಳಿದು ಎಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ರೈಫಲ್ ಇಳಿಸಿಬಿಡಿ. ಹಿಡಿದುಕೊಂಡೇ ಇದ್ದರೆ ಕಣ್ಣಿನಲ್ಲಿ ಹಳೆಯ ಚಿತ್ರ ಉಳಿದು ಮೋಸ ಮಾಡುತ್ತದೆ.

ಗ್ರೂಪ್ ಅಡ್ಡಕ್ಕೆ ಹರಡಿದರೆ ಪಾದದ ತಪ್ಪು. ಕಣ್ಣು ಮುಚ್ಚಿ, ಉಸಿರು ಬಿಟ್ಟು, ತೆರೆದಾಗ ರಿಂಗ್ ಪಕ್ಕಕ್ಕೆ ಸರಿದಿದ್ದರೆ ಹಿಂಗಾಲು ಸರಿಸಬೇಕು. ಕೈಯಿಂದ ತಳ್ಳಿ ಸರಿಮಾಡಿದ್ದು ಟ್ರಿಗರ್ ಬಿಟ್ಟ ಕ್ಷಣ ವಾಪಸ್ ಹೋಗುತ್ತದೆ. ಮೇಲೆ ಕೆಳಗೆ ಹರಡಿದರೆ ಉಸಿರು, ಇಲ್ಲವೇ ಬಟ್ ಪ್ಲೇಟ್ ಪ್ರತಿ ಸಲ ಹೆಗಲಿನ ಬೇರೆ ಜಾಗದಲ್ಲಿ ಕೂರುತ್ತಿದೆ. ಇದ್ದಕ್ಕಿದ್ದಂತೆ ಎರಡೂ ಕಡೆ ಹರಡಿದರೆ ಮಾತ್ರ ರೈಫಲನ್ನು ಅನುಮಾನಿಸಿ, ಸ್ಟಾಕಿನ ತಿರುಪು ಮತ್ತು ಸೈಟ್ ಹಿಡಿತ ನೋಡಿ. ಅಲ್ಯೂಮಿನಿಯಂ ಸ್ಟಾಕ್‌ನಲ್ಲಿ ತಿರುಪು ಸಡಿಲಾಗುವುದು ಅಪರೂಪವಲ್ಲ.

ಪೆಲೆಟ್: ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ಎರಡರಲ್ಲೂ ರೈಫಲಿಗೆ 0.53 ಗ್ರಾಂನದು ತೆಗೆದುಕೊಳ್ಳಿ. ತಲೆಯ ಅಳತೆ 4.49, 4.50, 4.51 ಹೀಗೆ ಬರುತ್ತದೆ, ಯಾವುದು ಒಗ್ಗುತ್ತದೆ ಎನ್ನುವುದನ್ನು ನಿಮ್ಮ ನಳಿಕೆಯೇ ಹೇಳಬೇಕು. ಒಂದು ಗ್ರೂಪ್ ನೋಡಿ ತೀರ್ಮಾನಿಸಬೇಡಿ, ಹತ್ತರಂತೆ ನಾಲ್ಕೈದು ಗ್ರೂಪ್ ಹೊಡೆಯಿರಿ. ತಕ್ಕಡಿಯಲ್ಲಿ ತೂಗಿ ವಿಂಗಡಿಸುವುದು ಈ ಹಂತದಲ್ಲಿ ವ್ಯರ್ಥ. ಲಂಗದ (ಪೆಲೆಟ್ಟಿನ ಹಿಂಬದಿಯ ತೆಳು ಅಂಚು) ಅಂಚು ತಗ್ಗಿದ್ದನ್ನು ಮಾತ್ರ ಎಸೆಯಿರಿ, ಮುಗಿಸಿದ ಮೇಲೆ ಕೈ ತೊಳೆಯಿರಿ, ಅದು ಸೀಸ. ನಳಿಕೆ ಶುಚಿ ಮಾಡಲು ಫೆಲ್ಟ್ ಪೆಲೆಟ್ (ಉಣ್ಣೆಯ ಉಂಡೆ) ಸಾಕು, ಉಕ್ಕಿನ ಸರಳು ಬೇಡ.

ಹಳೆಯ ರೆಗ್ಯುಲೇಟರಿನ ಒಂದು ಕಾಯಿಲೆ ಗೊತ್ತಿರಲಿ. ರೈಫಲ್ ತುಂಬ ಹೊತ್ತು ಸುಮ್ಮನಿದ್ದರೆ ಒಳಗಿನ ಒತ್ತಡ ಮೆಲ್ಲಗೆ ಏರಿ ಮೊದಲ ಗುಂಡು ಮೇಲೆ ಹೋಗುತ್ತದೆ. ವೇಗ 5 ಮೀಟರ್/ಸೆಕೆಂಡ್ ಏರಿದರೆ ಸುಮಾರು 1 ಮಿ.ಮೀ. ಮೇಲೆ. ಅಂಕಕ್ಕೆ ಹೊಡೆಯುವ ಸಾಲು ಶುರುಮಾಡುವ ಮೊದಲು ಎರಡು ಗುಂಡು ಹಾಳುಮಾಡಿಬಿಡಿ. ಅದಕ್ಕೂ ನಿಲ್ಲದಿದ್ದರೆ ಸರ್ವಿಸ್ ಬೇಕು. ರಾತ್ರಿ ಕಳೆಯುವಷ್ಟರಲ್ಲಿ ಒತ್ತಡ ಇಳಿದಿದ್ದರೆ ಸಿಲಿಂಡರ್ ಬಿಚ್ಚಿಟ್ಟು ನೋಡಿ. ಬಿಚ್ಚಿಟ್ಟ ಸಿಲಿಂಡರ್ ಹಿಡಿದಿಟ್ಟುಕೊಂಡರೆ ಸೋರುತ್ತಿರುವುದು ರೈಫಲಿನ ಕಡೆ, ಹೆಚ್ಚಾಗಿ ಕೂಡುವಲ್ಲಿನ ಓ ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ). ಅದಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ. ಹೆಚ್ಚು ಒತ್ತಡದ ಗಾಳಿ ಮತ್ತು ಪೆಟ್ರೋಲಿಯಂ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯವಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಳಿಕೆಗಿಂತ ಮೊದಲು ಸಿಲಿಂಡರ್ ಮೇಲೆ ಕೆತ್ತಿದ ತಾರೀಖು ಓದಿ. ತಯಾರಕರು ಸಾಮಾನ್ಯವಾಗಿ 10 ವರ್ಷದ ಬಳಕೆ ಮಿತಿ ಹಾಕಿರುತ್ತಾರೆ. ಅವಧಿ ಮೀರಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕಳೆದು ಚೌಕಾಸಿ ಮಾಡಿ, ಮತ್ತು ಹಳೆಯದಕ್ಕೆ ಗಾಳಿ ತುಂಬಿಸಬೇಡಿ.