ಹಲ್ಲು ಅಲುಗಾಡಿದರೆ ಮೊದಲು ವಸಡು ತೋರಿಸಿ, ಕ್ಲಿಪ್ಪಿಗೆ ಮುಂಗಡ ಕೊಡಬೇಡಿ

ಸಿಂಧನೂರು, ಮಾನ್ವಿ, ರಾಯಚೂರು ಕಡೆಯವರು ಯಾರಾದರೂ ಹಲ್ಲು ಸಡಿಲವಾಗಿದೆ ಎಂದು ಕ್ಲಿಪ್ ಹಾಕಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿಯೇ ಹೋಗಿ. ರಾಯಚೂರಿನ ಒಂದು ಖಾಸಗಿ ದಂತ ಚಿಕಿತ್ಸಾಲಯದವರು ನನಗಿದ್ದ ವಸಡಿನ ರೋಗವನ್ನು ನೋಡದೆಯೇ ಹಲ್ಲಿಗೆ ತಂತಿ ಬಿಗಿದು ಹಣ ತೆಗೆದುಕೊಂಡರು. ಇದನ್ನು ಬರೆಯುವ ಹೊತ್ತಿಗೂ ನನ್ನ ಸಿಟ್ಟು ಇಳಿದಿಲ್ಲ.

ನನಗೆ 44 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕೆಳಗಿನ ಮುಂಭಾಗದ ಹಲ್ಲುಗಳು ನಾಲಿಗೆ ತಾಗಿದರೂ ಅಲುಗಾಡಿದಂತೆ ಅನ್ನಿಸುತ್ತಿತ್ತು. ಮೇಲಿನ ಎರಡು ಹಲ್ಲುಗಳ ನಡುವೆ ಮೊದಲಿಲ್ಲದ ಸಂದಿ ಬಿದ್ದು, ಅದರಲ್ಲಿ ಒಂದು ಮುಂದಕ್ಕೆ ಸರಿದಿತ್ತು. ಖಡಕ್ ರೊಟ್ಟಿ ಕಡಿಯಲು ಆಗುತ್ತಿರಲಿಲ್ಲ, ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ಇದೆಲ್ಲವನ್ನೂ ನಾನು ಅಲ್ಲಿ ಕುರ್ಚಿಯ ಮೇಲೆ ಕುಳಿತು ಒಂದೊಂದಾಗಿ ಹೇಳಿದೆ. ಅಲ್ಲಿದ್ದವರು ಕನ್ನಡಿ ಹಿಡಿದು ಒಂದು ಸಲ ಇಣುಕಿ, "ಹಲ್ಲು ಲೂಸ್ ಆಗ್ಯಾವ್ರಿ ಮೇಡಂ, ಕ್ಲಿಪ್ ಹಾಕಿದ್ರ ಟೈಟ್ ಆಗ್ತಾವ, ಸಂದಿನೂ ಮುಚ್ಚತೈತಿ" ಎಂದರು. ಎಕ್ಸ್‌ರೇ ತೆಗೆಯಲಿಲ್ಲ. ವಸಡನ್ನು ಮುಟ್ಟಿ ನೋಡಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಲಿಲ್ಲ. ಪ್ಯಾಕೇಜು 38 ಸಾವಿರ, ಅರ್ಧ ಮುಂಗಡ. ರಸೀದಿ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಮೊತ್ತ ಬರೆದು ಕೈಗಿಟ್ಟರು.

ತಂತಿ ಬಿಗಿಸಿಕೊಳ್ಳಲು ಹೋದಾಗಲೆಲ್ಲ ಹೊಸ ಹೊಸ ಮುಖ. ಹಲ್ಲು ಜೋಡಣೆಯ ತಜ್ಞರು ಬೆಂಗಳೂರಿನಿಂದ ಬರುತ್ತಾರೆ ಎಂದು ಹೇಳುತ್ತಿದ್ದರೇ ಹೊರತು ಆ ತಜ್ಞರನ್ನು ನಾನು ಒಮ್ಮೆಯೂ ಕಾಣಲಿಲ್ಲ. ಹಲ್ಲುಗಳು ಬಿಗಿಯಾಗುವ ಬದಲು ಇನ್ನಷ್ಟು ಸಡಿಲವಾದವು. ಕೇಳಿದರೆ, "ಕ್ಲಿಪ್ ಹಾಕಿದಾಗ ಹಲ್ಲು ಅಲುಗಾಡೂದು ಸಹಜ ರೀ, ಏನೂ ಆಗಂಗಿಲ್ಲ" ಎಂಬ ಒಂದೇ ಉತ್ತರ. ವಸಡಿನಿಂದ ಕೀವು ಬಂದ ದಿನವೂ ಅದೇ ಉತ್ತರ. ಚಿಕಿತ್ಸೆಯಲ್ಲಿ ಹಲ್ಲು ಸರಿಯುವಾಗ ಸ್ವಲ್ಪ ಅಲುಗಾಟ ಇರುವುದು ನಿಜವೇ, ಆದರೆ ಕೀವು ಬರುವುದು, ವಸಡು ಕೆಳಗಿಳಿದು ಬೇರು ಕಾಣುವುದು ಯಾವ ಲೆಕ್ಕದಲ್ಲೂ ಸಹಜವಲ್ಲ. ಅರ್ಧ ನಿಜವನ್ನು ಹೇಳಿ ನನ್ನ ಬಾಯಿ ಮುಚ್ಚಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಬಳ್ಳಾರಿಯಲ್ಲಿರುವ ಅಕ್ಕ ನನ್ನನ್ನು ಅಲ್ಲಿಯ ಸರ್ಕಾರಿ ದಂತ ಕಾಲೇಜಿಗೆ ಕರೆದುಕೊಂಡು ಹೋದಳು. ವಸಡಿನ ವಿಭಾಗದ ಒಬ್ಬ ಕಿರಿಯ ವೈದ್ಯೆ ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಸುತ್ತ ಮೆಲ್ಲಗೆ ಇಳಿಸುತ್ತ, ಪಕ್ಕದವರಿಗೆ ಬರೆದುಕೊಳ್ಳಲು ಅಂಕಿ ಹೇಳುತ್ತ ಹೋದರು: ಐದು, ಆರು, ಏಳು, ಆರು. ಆರೋಗ್ಯವಾದ ವಸಡಿನಲ್ಲಿ ಆ ಕಡ್ಡಿ ಮೂರು ಮಿಲಿಮೀಟರ್‌ಗಿಂತ ಆಳಕ್ಕೆ ಇಳಿಯಬಾರದಂತೆ. ಎಕ್ಸ್‌ರೇಯಲ್ಲಿ ಕೆಳಹಲ್ಲುಗಳ ಬೇರಿನ ಸುತ್ತಲಿನ ಮೂಳೆ ಅರ್ಧದವರೆಗೆ ಕರಗಿರುವುದು ನನ್ನ ಕಣ್ಣಿಗೂ ಕಂಡಿತು. "ವಸಡು ನೋಡದೆ ಕ್ಲಿಪ್ ಹಾಕಿದ್ದು ಯಾರಮ್ಮ?" ಎಂದು ಅವರು ಕೇಳಿದಾಗ ಸುತ್ತಲಿದ್ದ ವಿದ್ಯಾರ್ಥಿಗಳೆಲ್ಲ ನನ್ನತ್ತ ತಿರುಗಿದರು. ಶಾಲೆಯಲ್ಲಿ ಎಲ್ಲರ ಮುಂದೆ ಕ್ಲಿಪ್ ಹಾಕಿಸಿಕೊಂಡ ಸಂತೋಷ ಹೇಳಿಕೊಂಡಿದ್ದ ನನಗೆ ಆ ಕ್ಷಣ ತಲೆ ಎತ್ತಲು ಆಗಲಿಲ್ಲ.

ಹಲ್ಲಿನ ಮೇಲೆ ಕೂರುವ ಪಾಚಿ ಗಟ್ಟಿಯಾಗಿ ಗಾರೆಯಾಗುತ್ತದೆ, ಅದರಲ್ಲಿನ ಸೂಕ್ಷ್ಮಾಣುಗಳಿಂದ ವಸಡು ಬಾತು, ಒಳಗಿನ ಮೂಳೆ ಸದ್ದಿಲ್ಲದೆ ಕರಗುತ್ತದೆ, ಹಿಡಿತ ತಪ್ಪಿದ ಹಲ್ಲು ಸರಿದು ಸಂದಿ ಬೀಳುತ್ತದೆ ಎಂದು ಆ ವೈದ್ಯೆ ವಿವರಿಸಿದರು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸ ಇರುವವರಿಗೆ ಇದು ಬೇಗ ಹೆಚ್ಚುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದರಿಂದ, ಪೆಟ್ಟು ಬಿದ್ದುದರಿಂದಲೂ ಹಲ್ಲು ಸಡಿಲವಾಗಬಹುದು, ಅವಕ್ಕೆ ಚಿಕಿತ್ಸೆ ಬೇರೆ. ವಸಡಿನ ಸೋಂಕು ಇರುವಾಗ ತಂತಿ ಬಿಗಿಯುವುದೆಂದರೆ ನೀರು ನಿಂತ ಭತ್ತದ ಗದ್ದೆಯಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಎಳೆದಂತೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಎಕ್ಸ್‌ರೇ ಹಿಡಿದು ರಾಯಚೂರಿನವರ ಮುಂದೆ ನಿಂತಾಗ ಅವರು ಕೊಟ್ಟ ಉತ್ತರ ಕೇಳಿ: "ಶುಗರ್ ಐತಿ ಅಂತ ಮೊದಲ ಯಾಕ ಹೇಳಲಿಲ್ರಿ? ನೀವು ಸರಿಯಾಗಿ ಹಲ್ಲು ತಿಕ್ಕಿಲ್ಲ." ಕೇಳದೆ ಇದ್ದವರು ಅವರು, ಈಗ ತಪ್ಪೆಲ್ಲ ನನ್ನದು! ಮುಂಗಡ ಹಿಂದಿರುಗಿಸಿ ಎಂದರೆ, "ಪ್ಯಾಕೇಜ್ ದುಡ್ಡು ವಾಪಸ್ ಕೊಡೂ ಪದ್ಧತಿ ಇಲ್ರಿ" ಎಂದು ಮುಂದಿನ ರೋಗಿಯನ್ನು ಕರೆದರು.

ದೊಡ್ಡವರಿಗೆ ಕ್ಲಿಪ್ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೊದಲು ಗಾರೆ ತೆಗೆಸಿ, ಬೇರಿನವರೆಗೆ ಶುಚಿ ಮಾಡಿಸಿ, ರಕ್ತ ನಿಂತು, ಸಕ್ಕರೆ ಹತೋಟಿಗೆ ಬಂದು, ಕೆಲವು ತಿಂಗಳ ನಂತರ ಮತ್ತೆ ಅಳತೆ ನೋಡಿ ವಸಡಿನ ವೈದ್ಯರು ಒಪ್ಪಿದ ಮೇಲೆ, ಸರಿದ ಹಲ್ಲನ್ನು ಹಗುರವಾದ ಒತ್ತಡದಿಂದ ಸ್ಥಳಕ್ಕೆ ತರಬಹುದು. ಆಮೇಲೂ ಅದು ಮತ್ತೆ ಸರಿಯದಂತೆ ಹಿಂಬದಿಗೆ ಸಣ್ಣ ತಂತಿಯೊಂದನ್ನು ಬಹುಕಾಲ ಉಳಿಸಿಕೊಳ್ಳಬೇಕಾಗುತ್ತದೆ. ಕ್ಲಿಪ್ ಹಾಕುವವರು ದಂತವೈದ್ಯ ಪದವಿಯಾದ ಬಿಡಿಎಸ್ ನಂತರ ಹಲ್ಲು ಜೋಡಣೆಯ ವಿಷಯದಲ್ಲೇ ಮೂರು ವರ್ಷದ ಸ್ನಾತಕೋತ್ತರ ಪದವಿ ಎಂಡಿಎಸ್ ಓದಿದ್ದಾರೆಯೇ ಎಂದು ಎದುರಿಗೇ ಕೇಳಿ, ಎಕ್ಸ್‌ರೇ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮುದ್ರಿತ ಬಿಲ್ ಪಡೆಯಿರಿ.

ನನ್ನ ತಂತಿಯನ್ನು ಬಳ್ಳಾರಿಯಲ್ಲಿ ತೆಗೆಸಿ, ಅಲುಗಾಡುವ ಹಲ್ಲುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ್ದಾರೆ, ವಸಡಿನ ಚಿಕಿತ್ಸೆ ನಡೆಯುತ್ತಿದೆ. ರಾಯಚೂರಿನವರು ಉಳಿದರ್ಧ ಹಣ ಕೇಳಿ ಈಗಲೂ ಫೋನ್ ಮಾಡುತ್ತಾರೆ. ಅದನ್ನು ನಾನು ಕೊಡುವುದಿಲ್ಲ, ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದಾದ್ದರಿಂದ ಆ ಕಾರ್ಡು ಮತ್ತು ಎಕ್ಸ್‌ರೇಯನ್ನು ಸೇರಿಸಿ ಅರ್ಜಿ ಸಿದ್ಧ ಮಾಡುತ್ತಿದ್ದೇನೆ.