ಯಂತ್ರಶಾಲೆಗೆ ನಗೆಬರಹದ ಸುರಕ್ಷತಾ ಫಲಕಗಳು: ಒಂದು ವಿಮರ್ಶೆ

ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ 1966ರ ಮಾರ್ಚ್ 4ರ ನೆನಪಿಗೆ ಪ್ರತಿವರ್ಷ ಆಚರಿಸುವ ಸುರಕ್ಷತಾ ದಿನಕ್ಕೆಂದು ನಮ್ಮ ಪೀಣ್ಯದ ಯಂತ್ರಶಾಲೆಗೆ ತರಿಸಿದ ಈ ಕನ್ನಡ ಫಲಕಗಳು, ಕೆಂಪಕ್ಷರದಲ್ಲಿ ಗದರಿಸುವ ಹಳೆಯ ಫಲಕಗಳಿಗಿಂತ ಖಂಡಿತ ಮೇಲು. ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಯಂತ್ರವಾದ ಲೇತ್ ಪಕ್ಕದ್ದೇ ಇವುಗಳಲ್ಲಿ ಅತ್ಯುತ್ತಮ. "ಉಂಗುರ ಮಾವ ಕೊಟ್ಟದ್ದು, ಬೆರಳು ಅಮ್ಮ ಕೊಟ್ಟದ್ದು, ಲೇತ್‌ಗೆ ಎರಡೂ ಒಂದೇ" ಎಂಬ ಒಕ್ಕಣೆಯ ಕೆಳಗೆ, ತುಂಡನ್ನು ಹಿಡಿದು ತಿರುಗುವ ಚಕ್ ಬಳಿ ಉಂಗುರ, ಸಡಿಲ ತೋಳು ಮಾತ್ರವಲ್ಲ, ಕೈಗವಸು ಕೂಡ ಸಲ್ಲದು, ಅದರ ತುದಿ ಸಿಕ್ಕಿಕೊಂಡರೆ ಕೈಯನ್ನೇ ಒಳಗೆಳೆಯುತ್ತದೆ ಎಂದು ಕಾರಣಸಮೇತ ಬರೆದಿದ್ದಾರೆ. ಲೇತ್ ನಡೆಸುವ ಹಿರಿಯ ಟರ್ನರ್‌ಗೆ ಬುದ್ಧಿ ಹೇಳಲು ಅಳುಕುತ್ತಿದ್ದ ಹೊಸ ಹುಡುಗರು ಈಗ "ಅಣ್ಣಾ, ಮಾವನ ಉಂಗುರ!" ಎಂದು ಕೂಗಿ ಎಚ್ಚರಿಸುತ್ತಾರೆ, ಅವರೂ ನಕ್ಕು ಉಂಗುರ ಕಳಚಿಡುತ್ತಾರೆ. ಬೈಗುಳದಿಂದ ಇದು ಆಗುತ್ತಿರಲಿಲ್ಲ.

ಆದರೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡವನನ್ನೇ ಗೇಲಿಮಾಡುವ ಒಂದು ಫಲಕವನ್ನು ನಾವು ತೂಗುಹಾಕಲಿಲ್ಲ. ಗಾಯಾಳು ನಗೆಪಾಟಲಾದರೆ ಮುಂದೆ ಸಣ್ಣ ಪೆಟ್ಟುಗಳನ್ನು ಯಾರೂ ವರದಿ ಮಾಡುವುದಿಲ್ಲ. ಬೆಲೆ ಸಾಧಾರಣ. ಕೂಲೆಂಟ್ (ಕೊರೆಯುವಾಗ ತಂಪಿಗೆ ಹರಿಸುವ ದ್ರವ) ಸಿಡಿಯುವ ಕಡೆ ಲ್ಯಾಮಿನೇಷನ್ ಅಂಚು ಏಳುವುದರಿಂದ, ಅಲ್ಲಿಗೆ ಅಲ್ಯೂಮಿನಿಯಂ ತಗಡಿನ ಮೇಲೆ ಮುದ್ರಿಸಿಕೊಡುವಂತೆ ಕೇಳುವುದು ಒಳಿತು.