ತಾಳಮದ್ದಳೆಯ ಸಿಡಿಗಳಿಗೆ ಒದಗಿದ ಎಂಪಿತ್ರೀಟ್ಯಾಗ್

ಉಡುಪಿಯ ರಥಬೀದಿಯಲ್ಲಿ ಕೊಂಡ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ) ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡವರಿಗೆಲ್ಲ ನಾನು ಎಂಪಿತ್ರೀಟ್ಯಾಗ್ ಬಳಸಿ ಎನ್ನುತ್ತೇನೆ. ಆಡಿಯೊ ಕಡತದೊಳಗೆ ಆಲ್ಬಮ್, ಕಲಾವಿದರು, ಟ್ರ್ಯಾಕ್ ಸಂಖ್ಯೆ ಮುಂತಾದ ವಿವರಗಳನ್ನು, ಅಂದರೆ ಟ್ಯಾಗುಗಳನ್ನು, ಬರೆಯುವ ತಂತ್ರಾಂಶ ಅದು. ವಿಂಡೋಸಿನಲ್ಲಿ ಉಚಿತ, ಮ್ಯಾಕಿನಲ್ಲಿ ಹಣ ಕೊಡಬೇಕು.

ಒಂದು ಸಿಡಿಗೆ ಹಿಡಿಸುವುದು ಹೆಚ್ಚೆಂದರೆ ಸುಮಾರು 80 ನಿಮಿಷ. ನನ್ನಲ್ಲಿರುವ ವಾಲಿವಧೆ ಮೂರು ಸಿಡಿಗಳಷ್ಟಿದೆ, ಪ್ರತಿಯೊಂದರಲ್ಲೂ ಟ್ರ್ಯಾಕ್ ಎಣಿಕೆ 1ರಿಂದಲೇ ಶುರು. ಡಿಸ್ಕ್ ಸಂಖ್ಯೆ ಖಾಲಿ ಬಿಟ್ಟು ಎಲ್ಲವನ್ನೂ ಒಂದೇ ಆಲ್ಬಮ್ ಮಾಡಿದರೆ ಮೂರೂ ಸಿಡಿಗಳ ಮೊದಲ ಟ್ರ್ಯಾಕುಗಳು ಸಾಲಾಗಿ ಬಂದು ನಿಲ್ಲುತ್ತವೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಂಡ ಬೆನ್ನಿಗೇ ಸುಗ್ರೀವ ಬಂದು ಅದೇ ವಾಲಿಯನ್ನು ಯುದ್ಧಕ್ಕೆ ಕರೆಯುತ್ತಾನೆ! ಬಿಡಿ ಹಾಡುಗಳಾದರೆ ಹೇಗೋ ನಡೆದೀತು. ಮಾತಿಗೆ ಮಾತು ಬೆಳೆಯುವ ಕಲೆಗೆ ಇದು ಅನ್ಯಾಯ. ಆಲ್ಬಮ್ ಹೆಸರಿಗೇ ‘ಭಾಗ 1’, ‘ಭಾಗ 2’ ಎಂದು ಅಂಟಿಸಿದರೆ ಪ್ರಸಂಗವೇ ಮೂರು ಹೋಳು.

ಇಲ್ಲಿ ಪರಿಹಾರ ಸರಳ. ಎರಡನೆಯ ಸಿಡಿಯ ಕಡತಗಳನ್ನು ಒಟ್ಟಿಗೆ ಆರಿಸಿ, ಎಡಗಡೆಯ ಡಿಸ್ಕ್‌ನಂಬರ್ ಜಾಗದಲ್ಲಿ ‘2/3’ ಎಂದು ಬರೆದು ಕಂಟ್ರೋಲ್-ಎಸ್ ಒತ್ತಿದರೆ ಸಾಕು. ಆಲ್ಬಮ್ ಹೆಸರು ಮೂರಕ್ಕೂ ಒಂದೇ ಇರಲಿ, ಒಂದಕ್ಷರವೂ ಆಚೀಚೆ ಆಗಬಾರದು. ಕನ್ನಡದಲ್ಲೇ ಬರೆಯಬಹುದು, ನಾನು ಹಾಗೆಯೇ ಬರೆಯುತ್ತೇನೆ.

ಆಲ್ಬಮ್ ಆರ್ಟಿಸ್ಟ್ ಜಾಗವನ್ನೂ ಬಿಡಬೇಡಿ. ಅದು ಖಾಲಿಯಿದ್ದರೆ ಕೆಲವು ಪ್ಲೇಯರುಗಳು ಪಾತ್ರದ ಮಾತನಾಡುವ ಅರ್ಥಧಾರಿಗೊಂದರಂತೆ ಆಲ್ಬಮನ್ನು ಒಡೆದುಬಿಡುತ್ತವೆ. ನಾನು ಅಲ್ಲಿ ಪದ ಹಾಡುವ ಭಾಗವತರ ಹೆಸರು ಹಾಕುತ್ತೇನೆ, ಅರ್ಥಧಾರಿಗಳು ಆಯಾ ಟ್ರ್ಯಾಕಿನ ಆರ್ಟಿಸ್ಟ್. ಭಾಗವತರನ್ನು ಒಂದನೆಯ ವೇಷ ಎನ್ನುವ ನಮ್ಮ ಯಕ್ಷಗಾನಕ್ಕೆ ಇದಕ್ಕಿಂತ ಒಪ್ಪುವ ಕ್ರಮ ನನಗೆ ತೋಚುವುದಿಲ್ಲ.

ಪ್ರತಿ ಸಿಡಿಗೂ ‘ತಾರೆಯ ಬುದ್ಧಿವಾದ’, ‘ರಾಮ-ವಾಲಿ ಸಂವಾದ’ ಎಂಬಂತೆ ಉಪಶೀರ್ಷಿಕೆ ಕೊಡುವ ಆಸೆಯಿದ್ದರೆ ಆಲ್ಟ್-ಟಿ ಒತ್ತಿ ಡಿಸ್ಕ್‌ಸಬ್‌ಟೈಟಲ್ ಎಂಬುದನ್ನು ನಾವೇ ಸೇರಿಸಬೇಕು. ಎಲ್ಲ ಪ್ಲೇಯರುಗಳೂ ಅದನ್ನು ತೋರಿಸುವುದಿಲ್ಲ.

ಅಂತರಜಾಲದ ಕೋಶಗಳಿಂದ ವಿವರ ತರಿಸುವ ಸೌಲಭ್ಯವೂ ಇದೆ. ನನ್ನ ಕರಾವಳಿಯ ಸಿಡಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ, ಕವರ್ ಓದಿ ಕೈಯಾರೆ ತುಂಬಿಸಿದೆ. ನಮ್ಮ ಕಾರಿನ ಪ್ಲೇಯರು ಟ್ಯಾಗನ್ನು ಲೆಕ್ಕಕ್ಕಿಡದೆ ಕಡತದ ಹೆಸರಿನ ಕ್ರಮದಲ್ಲೇ ನುಡಿಸುತ್ತದೆ. ಅದಕ್ಕಾಗಿ ಆಲ್ಟ್-1 ಒತ್ತಿ ಎಲ್ಲ ಹೆಸರುಗಳ ಮುಂದೆ ಡಿಸ್ಕ್ ಮತ್ತು ಟ್ರ್ಯಾಕ್ ಸಂಖ್ಯೆ ಬರುವಂತೆ ಮಾಡಿದೆ: ‘2-01’, ‘2-02’. ಈಗ ಮಂಗಳೂರಿಗೆ ಹೋಗುವಾಗ ಅಪ್ಪಯ್ಯ ಹಿಂದಿನ ಸೀಟಿನಲ್ಲಿ ಕುಳಿತು, ವಾಲಿಯ ಪ್ರತಿ ಪ್ರಶ್ನೆಗೂ ರಾಮನಿಗಿಂತ ಮೊದಲೇ ಉತ್ತರ ಹೇಳುತ್ತಾರೆ.